ಹಸಿಮರದ ಉರಿಗಣ್ಣ

ಬಹಳ ಬಹಳ ಹಿಂದೆ, ಮರಗಳು ಇನ್ನೂ ಮಾತು ಮರೆಯದ ಕಾಲದಲ್ಲಿ, ತೇಗೂರು ಅಂತ ಒಂದು ರಾಜ್ಯವಿತ್ತು. ಅಲ್ಲಿನ ರಾಜ ಸಿಂಹಾಸನದ ಮೇಲೆ ಕೂತಲ್ಲೇ ಮರವಾಗಿಹೋಗಿದ್ದ. ಅವನ ಮೂಗಿನ ತುದಿಗೆ ಜೇಡ ಬಲೆ ಕಟ್ಟಿತ್ತು. ನಗಬೇಡಿ ಮತ್ತೆ! ಅವನನ್ನು ನೋಡಿ ನಕ್ಕವರೂ ಮರವಾಗಿದ್ದರು. ಇದೆಲ್ಲ ಉರಿಗಣ್ಣನೆಂಬ ಮಾಂತ್ರಿಕನ ಕೆಲಸ. ಅವನು ದಿಟ್ಟಿಸಿದರೆ ಸಾಕು, ಮನುಷ್ಯರು ಮರವಾಗುತ್ತಿದ್ದರು.

ಅದೇ ಊರಲ್ಲಿ ಮರ ಕೆತ್ತುವ ಮೋನಾಚಾರಿ ಇದ್ದ. ಹೆಂಡತಿ ತೀರಿಹೋಗಿದ್ದಳು, ಇದ್ದವಳು ಮಗಳು ನೀಲಿ ಒಬ್ಬಳೇ. ಆಚಾರಿಗೆ ಒಂದು ಹಟವಿತ್ತು. ಕಡಿದ ಮರವನ್ನು ವರ್ಷಗಟ್ಟಲೆ ನೆರಳಲ್ಲಿ ಒಣಗಿಸಿ, ನಟ್ಟನಡುವಿನ ತಿರುಳು ತೆಗೆಯದೆ ಅವನು ಉಳಿ ಮುಟ್ಟಿಸುತ್ತಿರಲಿಲ್ಲ.

“ಹಸಿಮರ ಒಣಗುವಾಗ ಬಿರಿಯುತ್ತೆ ಮಗಳೇ. ತಿರುಳು ಒಳಗಿದ್ದರಂತೂ ತಲೆಯಿಂದ ಕಾಲಿನವರೆಗೂ ಸೀಳುತ್ತೆ” ಅನ್ನುತ್ತಿದ್ದ.

ನೀಲಿ ಬೆರಳ ಗೆಣ್ಣಿನಿಂದ ದಿಮ್ಮಿ ತಟ್ಟುತ್ತಿದ್ದಳು. ‘ಟಣ್’ ಅಂದರೆ ಒಣಗಿದ್ದು, ‘ದಬ್’ ಅಂದರೆ ಹಸಿ. ಮರದ ವಿಷಯದಲ್ಲಿ ಅಪ್ಪ ಮಗಳು ಸುಳ್ಳಾಡಿದ್ದನ್ನು ಊರಲ್ಲಿ ಯಾರೂ ಕೇಳಿರಲಿಲ್ಲ.

ಒಂದು ಮಧ್ಯಾಹ್ನ ಉರಿಗಣ್ಣ ಅವರ ಬಾಗಿಲಿಗೆ ಬಂದ. ನೀಲಿಯ ಪಾದ ನೋಡಿದ. ಪಾದ ಮರವಾಯಿತು.

“ಆಚಾರಿ, ನನಗೊಂದು ಗೂಬೆ ಕೆತ್ತಿಕೊಡು. ಮಗಳನ್ನು ಬಿಟ್ಟುಬಿಡ್ತೀನಿ.”

ಆಚಾರಿ ಕೆತ್ತಿಕೊಟ್ಟ. ಉರಿಗಣ್ಣ ಅದರ ಮೂತಿಗೆ ಊದಿದ. ಗೂಬೆ ಕಣ್ಣು ಬಿಟ್ಟು ಹಾರಿ ಜಂತಿಯ ಮೇಲೆ ಕೂತಿತು. ಅಂದಿನಿಂದ ಆ ಮನೆಯಲ್ಲಿ ಪಿಸುಗುಟ್ಟಿದ್ದೂ ಮಾಂತ್ರಿಕನ ಕಿವಿಗೆ ಬೀಳುತ್ತಿತ್ತು. ಮಗಳನ್ನು ಬಿಟ್ಟನೇ? ಎಲ್ಲಿಯ ಮಾತು! ಮರ ಅವಳ ಮೊಣಕಾಲಿಗೆ ಏರಿತು.

“ಆಚಾರಿ, ನನಗೊಂದು ಹುಲಿ ಕೆತ್ತಿಕೊಡು. ಈ ಸಲ ಖಂಡಿತ ಬಿಡ್ತೀನಿ.”

ಆಚಾರಿ ಕೆತ್ತಿಕೊಟ್ಟ. ಉರಿಗಣ್ಣ ಊದಿದ. ಹುಲಿ ಮೈಮುರಿದೆದ್ದು ಹೊಸ್ತಿಲಿಗೆ ಅಡ್ಡ ಮಲಗಿತು. ಇನ್ನು ಓಡಿಹೋಗುವ ದಾರಿಯೂ ಇಲ್ಲ. ಆ ಪಾಪಿ ಮಾತಿಗೆ ನಿಲ್ಲುವ ಪೈಕಿಯೇ? ಮರ ನೀಲಿಯ ಸೊಂಟಕ್ಕೆ ಏರಿತು.

ದಿನ ಬೆಳಗಾದರೆ ಆಚಾರಿ ಮಗಳ ಮೊಣಕಾಲು ತಟ್ಟಿ ಕೇಳುತ್ತಿದ್ದ. ಟಣ್. ಅವನ ಎದೆ ಧಸಕ್ಕನ್ನುತ್ತಿತ್ತು. ತಾನೇ ಕೆತ್ತಿದ ಗೂಬೆ ಜಂತಿಯಲ್ಲಿ, ತಾನೇ ಕೆತ್ತಿದ ಹುಲಿ ಬಾಗಿಲಲ್ಲಿ. ತನ್ನ ಕೈ ಕಂಡರೇ ಅವನಿಗೆ ಹೇಸಿಗೆಯಾಗುತ್ತಿತ್ತು.

ಮೂರನೆಯ ಸಲ ಉರಿಗಣ್ಣ ಬಂದು ಹೇಳಿದ: “ಈಗ ನನ್ನದೇ ಗೊಂಬೆ ಕೆತ್ತು. ನನ್ನ ಜೀವ ತೆಗೆದು ಅದರಲ್ಲಿ ಬಚ್ಚಿಡ್ತೀನಿ. ಆಮೇಲೆ ಯಾವ ಕತ್ತಿಯೂ ನನ್ನನ್ನು ಕೊಲ್ಲಲಾರದು.”

“ಒಣಮರವೆಲ್ಲ ಹುಲಿಗೇ ಮುಗಿದುಹೋಯ್ತು, ಒಡೆಯಾ.”

“ಮುಗಿಯಿತೇ?” ಉರಿಗಣ್ಣ ನಕ್ಕು ನೀಲಿಯ ತೊಡೆ ತಟ್ಟಿದ. ಟಣ್. “ಎಷ್ಟು ಚೆನ್ನಾಗಿ ಒಣಗಿದೆ! ಇದನ್ನೇ ಕೆತ್ತು.”

ಆಚಾರಿಯ ಉಳಿ ಕೈಜಾರಿ ಬಿತ್ತು. ನೀಲಿ ಅಳಲಿಲ್ಲ, ಅಪ್ಪನನ್ನೇ ನೋಡಿದಳು. ಹಿತ್ತಲಲ್ಲಿ ಆಗಷ್ಟೇ ಕಡಿದ ಶಿವನೆ ಮರದ ದಿಮ್ಮಿ ಬಿದ್ದಿತ್ತು, ಅದರಿಂದ ನೀರು ಒಸರುತ್ತಿತ್ತು.

“ಒಡೆಯಾ,” ಆಚಾರಿ ದಿಮ್ಮಿಯತ್ತ ಕೈ ತೋರಿದ, “ಒಣಮರ ಸತ್ತ ಮರ. ಸತ್ತದ್ದರಲ್ಲಿ ಜೀವ ನಿಲ್ಲುತ್ತಾ? ಜೀವ ಇಡೋಕೆ ಹಸಿಮರವೇ ಆಗಬೇಕು, ತಿರುಳಿನ ಸಮೇತ.”

ಉರಿಗಣ್ಣನ ಹುಬ್ಬು ಗಂಟಾಯಿತು. ಗೂಬೆ ಕತ್ತು ಚಾಚಿತು. ಹುಲಿ ಎದ್ದು ನಿಂತಿತು.

“ಏನೇ ಹುಡುಗಿ, ನಿಮ್ಮಪ್ಪ ಹೇಳೋದು ನಿಜವೇನೇ?”

ನೀಲಿಗೆ ಎಲ್ಲ ಅರ್ಥವಾಯಿತು. ಗಲ್ಲ ಎತ್ತಿ ಹೇಳಿದಳು: “ಇದೂ ಗೊತ್ತಿಲ್ವಾ ನಿಮಗೆ? ಆಚಾರಿಗಳ ಮನೇಲಿ ಚಿಕ್ಕ ಮಕ್ಕಳಿಗೂ ಗೊತ್ತು.”

ಉರಿಗಣ್ಣ ನಂಬಿದ. ಆಚಾರಿ ಕೆತ್ತತೊಡಗಿದ. ದಬ್, ದಬ್, ದಬ್. ಒಂದೊಂದು ಪೆಟ್ಟಿಗೂ ಗೂಬೆಗೆ ಗುಟ್ಟು ತಿಳಿದುಬಿಟ್ಟಿತೆಂದು ಅವನ ಬೆನ್ನಲ್ಲಿ ಬೆವರಿಳಿಯುತ್ತಿತ್ತು. ಗೊಂಬೆ ಮುಗಿಯಿತು. ಉರಿಗಣ್ಣ ತನ್ನ ಉಸಿರನ್ನೆಲ್ಲ ಅದರ ಬಾಯಿಗೆ ಊದಿದ.

“ಇದಕ್ಕೆ ಯಾವುದರ ಭಯ?”

“ಗೆದ್ದಲಿನ ಭಯ ಒಡೆಯಾ. ಬೆಚ್ಚಗಿಡಿ.”

ಅವನು ಗೊಂಬೆಯನ್ನು ತಾನೀಗ ವಾಸವಿದ್ದ ಅರಮನೆಯ ದೊಡ್ಡ ಅಗ್ಗಿಷ್ಟಿಕೆಯ ಪಕ್ಕ ನಿಲ್ಲಿಸಿದ. ಮಾತಿನಂತೆ ನಡೆದನೇ? ಇಲ್ಲ. ಮರ ನೀಲಿಯ ಎದೆಗೇರಿತು, ಕೊರಳಿಗೇರಿತು. ಆಚಾರಿ ಕಾದ. ಬಾಯಿ ಬಿಟ್ಟು ಅಳುವ ಹಾಗೂ ಇಲ್ಲ, ಗೂಬೆ ನೋಡುತ್ತಿತ್ತು. ‘ಬೇಗ ಒಣಗು ತಾಯೀ, ಬೇಗ ಒಣಗು’ ಅಂತ ಮನಸ್ಸಿನಲ್ಲೇ ಆ ಹಸಿಗೊಂಬೆಗೆ ಕೈಮುಗಿದ.

ಮರ ನೀಲಿಯ ಗಲ್ಲ ಮುಟ್ಟಿದ ದಿನ ಉರಿಗಣ್ಣ ಗರಗಸ ಹಿಡಿದು ಬಂದ. “ನನ್ನ ಹೊಸ ಸಿಂಹಾಸನಕ್ಕೆ ಮರ ಬೇಕು” ಅಂದ. ಅಡ್ಡ ಬಂದ ಆಚಾರಿಯನ್ನು ಹುಲಿ ನೆಲಕ್ಕೆ ಕೆಡವಿತು. ಗರಗಸ ನೀಲಿಯ ಮೊಣಕಾಲಿಗೆ ತಾಗಿತು.

ಚಟ್.

ಉರಿಗಣ್ಣ ಹಣೆ ಮುಟ್ಟಿಕೊಂಡ. ಅಲ್ಲೊಂದು ಕೂದಲೆಳೆಯಷ್ಟು ಬಿರುಕು. ಅರಮನೆಯಲ್ಲಿ ಗೊಂಬೆ ಬಿರಿಯತೊಡಗಿತ್ತು.

“ಆಚಾರೀ! ಮೆತ್ತು! ಅರಗು ತಂದು ಮೆತ್ತೋ!” ಅಂತ ಕಿರುಚಿದ.

“ಬಿರಿದ ಮರವನ್ನು ನಾನು ಮೆತ್ತೋದಿಲ್ಲ, ಒಡೆಯಾ.”

ಬಿರುಕು ಮೂಗಿಗಿಳಿಯಿತು, ಎದೆಗಿಳಿಯಿತು. ಉರಿಗಣ್ಣ ತಲೆಯಿಂದ ಕಾಲಿನವರೆಗೂ ಸೀಳಿ ಎರಡು ಹೋಳಾಗಿ ಬಿದ್ದ. ಹುಲಿ ಬರೀ ಗೊಂಬೆಯಾಯಿತು. ಗೂಬೆ ಜಂತಿಯಿಂದ ದೊಪ್ಪನೆ ಉದುರಿತು. ಅರಮನೆಯಲ್ಲಿ ರಾಜ ಜೇಡರಬಲೆ ಮೂಗಿಗೇರಿ ಸೀನಿದ. ಊರಲ್ಲಿ ನಕ್ಕು ಮರವಾದವರು ಉಳಿದರ್ಧ ನಗುವನ್ನು ನಕ್ಕು ಮುಗಿಸಿದರು. ತೇಗೂರು ಅಂದಿನಿಂದ ಸುಖವಾಗಿತ್ತು.

ಆದರೆ ಮೋನಾಚಾರಿಗೆ ಅದ್ಯಾವುದೂ ಬೇಕಿರಲಿಲ್ಲ. ತೆವಳಿಕೊಂಡು ಮಗಳ ಹತ್ತಿರ ಹೋದ. ನೋಡಲು ಧೈರ್ಯ ಸಾಲದೆ ಕಣ್ಣು ಮುಚ್ಚಿ, ಬೆರಳು ಮಡಚಿ, ಅವಳ ಮೊಣಕಾಲನ್ನು ಜೋರಾಗಿ ತಟ್ಟಿದ.

“ಅಯ್ಯೋ ಅಪ್ಪಾ, ನೋಯುತ್ತೆ!” ಅಂದಳು ನೀಲಿ.