ಹುಮನಾಬಾದಿನ ಒಂಬತ್ತು ಹೆಂಗಸರು

ಒಂಬತ್ತು ಹೆಂಗಸರು ಕಾಣೆಯಾಗಿದ್ದರು. ಆದರೆ ಯಾವ ಮನೆಯವರೂ ದೂರು ಕೊಟ್ಟಿರಲಿಲ್ಲ.

ನೆನಪಿನ ಶಕ್ತಿಯ ಮೇಲೆ ಸಂಶೋಧನೆ ಮಾಡುತ್ತಿದ್ದ ಪ್ರಣಿತಾ ಪರೀಕ್ಷಿಸಿದ್ದು ನಲವತ್ತು ಹೆಂಗಸರನ್ನು. ಹುಮನಾಬಾದಿನ ಇಪ್ಪತ್ತು ಜನ ಚಿತ್ರದ ಕಾರ್ಡು ನೋಡಿ, ನೆನಪಿದ್ದಷ್ಟು ಹೇಳಿದ್ದರು. ಬಸವಕಲ್ಯಾಣದ ಇಪ್ಪತ್ತು ಜನ ತಿಂಗಳಿಡೀ ವಚನ ಬಾಯಿಪಾಠ ಮಾಡಿ, ಆಮೇಲೆ ಅದೇ ಕಾರ್ಡು ನೋಡಿದ್ದರು. ಕಲ್ಯಾಣದವರೇ ಮುಂದಿದ್ದರು. ಆದರೆ ಹುಮನಾಬಾದಿನ ಒಂಬತ್ತು ಹೆಸರು ಮತದಾರರ ಪಟ್ಟಿಯಲ್ಲೇ ಇಲ್ಲ. ಪ್ರಣಿತಾ ಸುಳ್ಳು ಹೆಸರು ಬರೆದಿದ್ದಾಳೆಂದು ಮಾರ್ಗದರ್ಶಕರಿಗೆ ಗುಮಾನಿ. ಸೋಮವಾರದೊಳಗೆ ಆ ಒಂಬತ್ತು ಜನರನ್ನು ತೋರಿಸದಿದ್ದರೆ ಅವಳ ಪಿಎಚ್‌ಡಿ ಅಲ್ಲಿಗೇ ಮುಗಿಯುತ್ತಿತ್ತು.

ಪ್ರಣಿತಾಳ ಚಿಕ್ಕಮ್ಮ, ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಸುಂದರಬಾಯಿ ಹಾಳೆಗಳನ್ನು ತಿರುವಿದರು. ಎದುರಿಗೆ ಮೂವರು — ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡುತ್ತ.

"ಹುಮನಾಬಾದದಾಗ ಪರೀಕ್ಷೆ ತಗೊಂಡಾಕಿ ಯಾರು?"

"ನಾನ್ರಿ," ಎಂದಳು ಸಹಾಯಕಿ ರಾಬಿಯಾ. "ನಾಗರ ಪಂಚಮಿ ಮರುದಿನ. ಎಲ್ಲಾರೂ ಕಣ್ಣಮುಂದ ಕುಂತಿದ್ರು. ಖರೇ ಹೇಳಾಕತ್ತೇನಿ."

"ಕಲ್ಯಾಣದಾಗ?"

"ನಾನೇ, ಮೌಶಿ. ಪಂಚಮಿ ಆಗಿ ತಿಂಗಳ ಮ್ಯಾಲೆ," ಎಂದಳು ಪ್ರಣಿತಾ.

"ಎರಡೂ ಊರಾಗ ಮಂದೀನ ಕರ್ಕೊಂಡು ಬಂದಾವ?"

"ನಾನ್ರಿ," ಎಂದ ಮಚ್ಚೇಂದ್ರ. "ಕಾಣದವರ ಮನಿಗೂ ಹೋಗಿ ಬಂದೀನಿ. ಅಂಥವರು ಯಾರೂ ಇಲ್ಲಂತ್ರಿ."

ಸುಂದರಬಾಯಿಯ ಬೆರಳು ಕಲ್ಯಾಣದ ಹಾಳೆಯ ಮೇಲೆ ನಿಂತಿತು.

"ಪ್ರಣಿತಾ, ಈ ಕಾರ್ಡಿನ ಆಟ ತಿಳಿಸಿ ಹೇಳಾಕ ಒಬ್ಬೊಬ್ಬರಿಗೆ ಹತ್ತು ನಿಮಿಷ ಬೇಕಾಗ್ಯಾವ. ಕೆಲವರಿಗೆ ಒಂದೇ ನಿಮಿಷ. ಯಾಕ?"

"ಶ್ಯಾಣ್ಯಾರು ಅನ್ಕೊಂಡೆ, ಮೌಶಿ."

"ಎಷ್ಟು ಮಂದಿ? ಎಣಿಸು."

ಪ್ರಣಿತಾ ಎಣಿಸಿದಳು. ಒಂಬತ್ತು.

"ಕಾಣದವರನ್ನ ನೀನೇ ಮಾತಾಡಿಸೀದಿ," ಎಂದರು ಸುಂದರಬಾಯಿ. "ಪಂಚಮಿಗೆ ತವರಿಗೆ ಬಂದ ಹೆಣ್ಮಕ್ಕಳು ಅವರು. ಹುಮನಾಬಾದದಾಗ ತವರಿನ ಹೆಸರು ಹೇಳ್ಯಾರ. ಕಲ್ಯಾಣದಾಗ, ಲಗ್ನದಾಗ ಇಟ್ಟ ಗಂಡನ ಮನಿ ಹೆಸರು. ಮತದಾರರ ಪಟ್ಟ್ಯಾಗ ಇರೋದೂ ಅದೇ. ನಾನೂ ತವರಾಗ ಭೀಮಬಾಯಿನ. ಎರಡನೇ ಸಲ ಅದೇ ಕಾರ್ಡು ನೋಡಿದ್ರ ಯಾರಿಗೆ ನೆನಪಿರಂಗಿಲ್ಲ?"

ನಂತರ ಮಚ್ಚೇಂದ್ರನ ಕಡೆ ತಿರುಗಿದರು.

"ಒಂದು ತವರುಮನಿ ಬಾಗಿಲಾ ಬಡದಿದ್ರೂ, ನಮ್ಮ ಮಗಳು ಕಲ್ಯಾಣದಾಗ ಅದಾಳ ಅಂತಿದ್ರು. ಮನಿಗೆ ಹೋಗಿದ್ದೆ ಅಂತ ಸುಳ್ಳು ಯಾಕ ಹೇಳಿದಿ, ಮಚ್ಚೇಂದ್ರ?"

ಮಚ್ಚೇಂದ್ರ ತಲೆ ತಗ್ಗಿಸಿದ. "ಕಲ್ಯಾಣದಾಗ ಬ್ಯಾರೆ ಮಂದಿ ಸಿಗಲಿಲ್ರಿ. ಕಾರ್ಡು ಮೊದಲ ನೋಡೀವಿ ಅನ್ನಬ್ಯಾಡ್ರಿ ಅಂತ ನಾನೇ ಹೇಳಿಕೊಟ್ಟಿದ್ದೆ. ನಲವತ್ತು ಆಗಲಿಲ್ಲಂದ್ರ ಕೆಲಸಾನ ನಿಲ್ತದ ಅಂತ ಮೇಡಂ ಅಂದಿದ್ರು."

ಹೌದು, ಪ್ರಣಿತಾ ಹಾಗೆ ಅಂದಿದ್ದಳು.

ಅವಳ ಮೇಲಿನ ಕಳಂಕ ಹೋಗಿತ್ತು. ಕಲ್ಯಾಣದ ಆ ಒಂಬತ್ತು ಹಾಳೆ ಬದಿಗಿಟ್ಟು ಮತ್ತೆ ಲೆಕ್ಕ ಹಾಕಿದಳು. ಎರಡೂ ಊರು ಸರಿಸಮ. ಮೂರು ವರ್ಷದ ಕೆಲಸ ಆ ಒಂಬತ್ತು ಹಾಳೆಗಳ ಮೇಲೆ ನಿಂತಿತ್ತು.

"ಸೋಮವಾರ ಏನ್ ತೋರಸ್ತಿ?"

ನಲವತ್ತನ್ನು ಹೊಡೆದುಹಾಕಿ ಮೂವತ್ತೊಂದು ಎಂದು ಬರೆದಳು. ಕೆಳಗೆ ಇನ್ನೊಂದು ಸಾಲು: ವ್ಯತ್ಯಾಸ ಕಾಣಲಿಲ್ಲ.

"ಇದನ್ನ, ಮೌಶಿ."