ಯಂತ್ರಾನುಕಂಪ

ಚಂಬಣ್ಣನನ್ನು ಮಣ್ಣು ಮಾಡಿದ ಐದನೆಯ ದಿನ. ನೆಂಟರು ಹಿಂದಿನ ಸಂಜೆ ಹೊರಟುಹೋಗಿದ್ದರು. ಬೆಳಿಗ್ಗೆ ಹಾಲಿನವನು ಎಂದಿನಂತೆ ಅರ್ಧ ಲೀಟರ್ ಇಟ್ಟು ಹೋದ. ಅದೇ ಹೊತ್ತಿಗೆ ಅವನು ಕೆಲಸ ಮಾಡುತ್ತಿದ್ದ ಹುಬ್ಬಳ್ಳಿಯ ಕಾರ್ಖಾನೆಯಲ್ಲಿ ‘ಸಮಗ್ರದರ್ಶಿ’ ಎಂಬ ಅಳತೆಯ ಯಂತ್ರ ತನ್ನ ಪರದೆಯ ಮೇಲೆ 0.61 ಎಂದು ತೋರಿಸುತ್ತಿತ್ತು. ಮೂರು ವರ್ಷಗಳಲ್ಲಿ ಆ ಸಂಖ್ಯೆ 1.5ಕ್ಕಿಂತ ಕೆಳಗೆ ಇಳಿದಿರಲಿಲ್ಲ.

ಅಲ್ಲಿ ತಯಾರಾಗುತ್ತಿದ್ದದ್ದು ಎಳೆಗೂಸುಗಳ ಉಸಿರಾಟದ ಯಂತ್ರಕ್ಕೆ ಹಾಕುವ ಕವಾಟ: ಒಂದು ತೂತು, ಅದರೊಳಗೆ ಜಾರುವ ಒಂದು ಪಿನ್ನು. ತೂತಿನ ಅಳತೆ, ಪಿನ್ನಿನ ಅಳತೆ, ದುಂಡುತನ, ನುಣುಪು ಎಲ್ಲವನ್ನೂ ಸಮಗ್ರದರ್ಶಿ ಒಟ್ಟಿಗೆ ಅಳೆಯುತ್ತಿತ್ತು. ಒಂದು ಬದಲಾದಾಗ ಇನ್ನೊಂದು ಹೇಗೆ ಬದಲಾಗುತ್ತದೆ ಎಂಬುದನ್ನೂ ಹಿಡಿದು ಒಂದೇ ಸಂಖ್ಯೆ ಕೊಡುತ್ತಿತ್ತು. ಅದು ‘ಬಹುಚರ ಸಾಮರ್ಥ್ಯಾಂಕ’. ಒಂದಕ್ಕಿಂತ ಮೇಲಿದ್ದರೆ ತಯಾರಿಕೆಯನ್ನು ನಂಬಬಹುದು. ಕೆಳಗಿದ್ದರೆ ಕೆಲವು ಪಿನ್ನುಗಳು ಸಿಕ್ಕಿಕೊಳ್ಳುತ್ತವೆ, ಕೆಲವು ಸೋರುತ್ತವೆ.

ಸಮಗ್ರದರ್ಶಿಯನ್ನು ಕಂಡುಹಿಡಿದ ಡಾ. ಕಟಗೇರಿ, ಚಂಬಣ್ಣನ ಹೆಂಡತಿ ನೀಲಗಂಗಾಳನ್ನು ಕರೆಸಿ, ಸಹಿಗಾಗಿ ಒಂದು ವರದಿಯನ್ನು ಮುಂದಿಟ್ಟರು. ಅದರಲ್ಲಿ ಒಂದು ವಾಕ್ಯ: ‘ಮೃತ ಕಾರ್ಮಿಕನು ಕೊನೆಯ ಪಾಳಿಯಲ್ಲಿ ಯಂತ್ರಗಳನ್ನು ಕೆಡಿಸಿದ್ದಾನೆ.’

“ನಿಮಗ ತಿಳಿಯೂಹಂಗ ಹೇಳ್ತೀನ್ರಿ,” ಎಂದರು ಕಟಗೇರಿ. “ತೂತು ದೊಡ್ಡದಾದಾಗೆಲ್ಲಾ ಪಿನ್ನೂ ದೊಡ್ಡದಾಗ್ತದ. ಎರಡೂ ಯಂತ್ರ ಒಂದ ಸೂರಿನ ಕೆಳಗ ಕಾಯ್ತಾವ, ಒಂದಕ್ಕೊಂದು ಮರಗ್ತಾವ. ನಾ ಇದಕ್ಕ ಯಂತ್ರಾನುಕಂಪ ಅಂತ ಹೆಸರಿಟ್ಟೀನಿ. ರೊಟ್ಟಿ ಹಂಚು ಕಾದಂಗ ಅನ್ಕೋರಿ.”

ನೀಲಗಂಗಾ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದಳು. ಹೇಳಲಿಲ್ಲ. ಯಂತ್ರಾನುಕಂಪಕ್ಕೆ ಬಂದ ಎರಡು ಪದಕಗಳು ಕಪಾಟಿನಲ್ಲಿ ಹೊಳೆಯುತ್ತಿದ್ದವು. ಯಂತ್ರಗಳತ್ತ ತೆರೆಯುವ ಕಿಟಕಿಯ ಗಾಜನ್ನು ಮಾತ್ರ ಯಾರೂ ಒರೆಸಿದಂತಿರಲಿಲ್ಲ.

“ಯಂತ್ರದಿಂದ ಬಂದ ಮಾಲು ಸಮಗ್ರದರ್ಶಿಗೆ ಹೋಗೂದರೊಳಗ ನಡುವ ಏನ ಆಗತೈತ್ರಿ?”

“ಏನೂ ಇಲ್ಲ. ನಿಮ್ಮ ಯಜಮಾನ್ರು ಕೂತಿರ್ತಿದ್ರು. ಕೈಗೆ ಸಿಕ್ಕ ಪಿನ್ನು ಸಿಕ್ಕ ತೂತಿಗೆ ಹಾಕಿ ಕಳಸೂದು, ಅಷ್ಟ.”

ಅವಳು ಎದ್ದು ಕೆಳಗಿಳಿದಳು. ಕಟಗೇರಿ ವರದಿ ಹಿಡಿದು, ಗಡಿಯಾರ ನೋಡಿಕೊಳ್ಳುತ್ತಾ ಹಿಂದೆ ಬಂದರು. ಚಂಬಣ್ಣನ ಮೇಜಿನ ಕೆಳಗೆ ಒಂದು ಮರದ ಪೆಟ್ಟಿಗೆಯಿತ್ತು. ಹಳೆಯ ಮುದ್ರಣಾಲಯಗಳಲ್ಲಿ ಅಚ್ಚುಮೊಳೆ ಹಾಕಿಡುತ್ತಿದ್ದ, ಖಾನೆಗಳ ಪೆಟ್ಟಿಗೆ. ಖಾನೆಗಳ ಮೇಲೆ ಚಂಬಣ್ಣನ ಅಕ್ಷರದಲ್ಲಿ ಅಳತೆಯ ಚೀಟಿಗಳು. ಒಳಗೆ, ಕೂದಲೆಳೆಯಷ್ಟೂ ಇಲ್ಲದ ವ್ಯತ್ಯಾಸಕ್ಕೆ ತಕ್ಕಂತೆ ಬೇರೆ ಮಾಡಿದ ಪಿನ್ನುಗಳು. ತೂತಿಗೆ ತಕ್ಕ ಪಿನ್ನು ಆರಿಸುವ ಈ ಕೆಲಸವನ್ನು ಊಟಕ್ಕೆ ಕೂತಾಗ ಅವನು ಹೆಂಡತಿಗೆ ಹೇಳಿದ್ದ. ಕಾರ್ಖಾನೆಯಲ್ಲಿ ಕೇಳಿದ್ದರೆ ಅಲ್ಲಿಯೂ ಹೇಳುತ್ತಿದ್ದ.

ಅವಳು ಒಂದೊಂದು ತೂತನ್ನೂ ಅಳೆದು, ತಕ್ಕ ಖಾನೆಯ ಪಿನ್ನು ಹಾಕಿ, ಐವತ್ತು ಜೋಡಿ ಕಳಿಸಿದಳು. ಪರದೆಯ ಮೇಲೆ 1.58 ಬಂತು.

ಸಮಗ್ರದರ್ಶಿ ಎಂದೂ ತಪ್ಪಿರಲಿಲ್ಲ. ಮೂರು ವರ್ಷ ಅದು ಒಬ್ಬ ಮನುಷ್ಯನನ್ನು ಅಳೆದಿತ್ತು. ಕಟಗೇರಿ ಅದನ್ನು ಯಂತ್ರಗಳ ಮರುಕವೆಂದು ಓದಿಕೊಂಡಿದ್ದರು.

“ನೀವು ಹಾಕಿದ್ರಿ ಅಂತ ಬಂತು,” ಎಂದರು ಕಟಗೇರಿ. ಹೇಳಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿತು.

“ಹೌದ್ರಿ. ಯಂತ್ರ ಮೊದಲಿನಂಗ ಅದಾವು. ಆ ಸಾಲು ಹೊಡೀರಿ. ಈ ಐದು ದಿನದ ಮಾಲೂ ಹೊರಗ ಬಿಡಬ್ಯಾಡ್ರಿ. ಕೂಸುಗಳ ಮೂಗಿಗೆ ಹೋಗೂದು.”

ಕಟಗೇರಿ ಸಾಲನ್ನು ಪೆನ್ಸಿಲ್ಲಿನಿಂದ ಹೊಡೆದರು. ಅವಳು ಪೆನ್ನು ಕೊಟ್ಟಳು. ಪೆನ್ನಿನಿಂದ ಹೊಡೆದರು. ಮಾಲು ತಡೆಯುವ ಆದೇಶಕ್ಕೆ ಸಹಿ ಬೀಳುವವರೆಗೆ ಅವಳು ನಿಂತೇ ಇದ್ದಳು.

“ಪೆಟ್ಟಿಗೆ ಇಲ್ಲೇ ಇರ್ಲಿ ಮೇಡಮ್. ಸಂಶೋಧನೆಗೆ ಬೇಕಾಗ್ತದ.”

“ನಮ್ಮದಲ್ಲರಿ. ಕಡ ತಂದದ್ದು. ನಿಮ್ಮ ಯಂತ್ರಗಳು ಮರಗತಾವಲ್ಲಾ, ಅವನ್ನ ಕೇಳ್ರಿ.”

ಪಿನ್ನುಗಳನ್ನು ಮೇಜಿನ ಮೇಲೆ ಸುರಿದು, ಪೆಟ್ಟಿಗೆ ಎತ್ತಿಕೊಂಡು ಬಸ್ಸು ಹತ್ತಿದಳು.

ಪೆಟ್ಟಿಗೆ ಕಡ ಕೊಟ್ಟಿದ್ದ ದುಂಡಪ್ಪನ ಮನೆ ಅವಳ ಮನೆಯಿಂದ ಮೂರನೆಯದು. ಅದು ಅವನ ಅಜ್ಜನ ಮುದ್ರಣಾಲಯದ್ದು. ಅವನು ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಚೀಟಿಗಳ ಮೇಲೆ ಬೆರಳಾಡಿಸಿದ.

“ಎಂಟು ದಿನಕ್ಕ ಕೊಡತೇನಿ ಅಂದಿದ್ದ ಮಗಾ. ಮೂರು ವರ್ಸಾತು.”

“ತಡಾ ಆತು ಕಾಕಾ. ಚೀಟಿ ಕಿತ್ತ ಕೊಡ್ಲಿ?”

“ಇರ್ಲಿ ಬಿಡವಾ. ಇದನ್ನ ತಗೊಂಡು ಏನ ಮಾಡತಿದ್ದ ಅಂವಾ?”

“ದೊಡ್ಡದಕ್ಕ ದೊಡ್ಡದು, ಸಣ್ಣದಕ್ಕ ಸಣ್ಣದು ಜೋಡಿ ಮಾಡತಿದ್ದ.”

“ಅಷ್ಟನ?”

“ಅಷ್ಟ,” ಎಂದಳು ನೀಲಗಂಗಾ.