ಸತ್ತ ಬ್ಯಾಟರಿಯ ತಣ್ಣನೆ ಗಾಳಿ

ನೆಲ ನನ್ನಿಂದ ಆರು ಅಡಿ ಕೆಳಗಿತ್ತು.

ನಾನು ಕಾರಿನೊಳಗಿದ್ದೆ. ಕಾರು ಗ್ಯಾರೇಜಿನ ಲಿಫ್ಟಿನ ಮೇಲಿತ್ತು. ಲಿಫ್ಟಿನ ಸ್ವಿಚ್ಚು ಗ್ಯಾರೇಜ್ ಯಜಮಾನನ ಕೈಯಲ್ಲಿತ್ತು. ನನ್ನ ಪ್ರಾಣ ಎಲ್ಲಿತ್ತು ಎಂಬುದನ್ನು ನೀವೇ ಊಹಿಸಿ.

“ಇಳೀತೀಯೋ... ಬೀಳಿಸ್ಲೋ?”

ಕೇಳಿದ್ದು ಯಜಮಾನ. ಅರವತ್ತರ ಆಸುಪಾಸು. ಇಸ್ತ್ರಿ ಮಾಡಿದ ಬಿಳಿ ಶರ್ಟು. ಇಷ್ಟು ವರ್ಷ ಗ್ಯಾರೇಜ್ ನಡೆಸಿಯೂ ಆ ಶರ್ಟಿಗೆ ಒಂದು ಹನಿ ಗ್ರೀಸು ತಾಗಿರಲಿಲ್ಲ. ಅಂಥವರನ್ನು ಕಂಡರೆ ನನಗೆ ಅನುಮಾನ.

ಪಕ್ಕದಲ್ಲಿ ಅವನ ಬಲಗೈ ಬಂಟ. ಎಲ್ಲರೂ ಅವನನ್ನು ಕಂಬ ಎನ್ನುತ್ತಿದ್ದರು. ಲಿಫ್ಟಿಗೆ ನಾಲ್ಕು ಕಂಬ. ಐದನೆಯದು ಅವನು. ಕೈಯಲ್ಲಿ ವೀಲ್ ಸ್ಪ್ಯಾನರ್.

ಕಿಟಕಿ ಒಂದು ಬೆರಳಷ್ಟು ಇಳಿಸಿದೆ.

“ಬೀಳಿಸಿ. ನನ್ನ ಜೊತೆ ಬ್ಯಾಟರಿನೂ ಬೀಳತ್ತೆ. ಮೂರು ಗಂಟೆಗೆ ಕೊಳ್ಳೋಕೆ ಬರೋ ಪಾರ್ಟಿಗೆ ಚೂರುಗಳನ್ನ ತೋರಿಸ್ತೀರಾ?”

ಯಜಮಾನ ಸ್ವಿಚ್ಚಿನಿಂದ ಬೆರಳು ತೆಗೆದ. ಅವನ ಹಿಂದಿನ ಗೋಡೆಯ ಮೇಲೆ ಬೋರ್ಡಿತ್ತು. ಅದರಲ್ಲಿ ಅವನದೇ ಕೈಬರಹ: ‘3 ಗಂಟೆ, ಬ್ಯಾಟರಿ ಪಾರ್ಟಿ’. ಕಳ್ಳತನವನ್ನೂ ಇಷ್ಟು ಅಚ್ಚುಕಟ್ಟಾಗಿ ಬರೆದಿಡುವವರು ಕಡಿಮೆ.

ನಾನು ಇನ್ಶೂರೆನ್ಸ್ ಕಂಪನಿಯ ತನಿಖೆಗಾರ. ಸುಳ್ಳು ಕ್ಲೈಮ್ ಹಿಡಿಯುವುದು ನನ್ನ ಕೆಲಸ. ಕಳುವಾದ ಕಾರನ್ನು ಮಾಲೀಕನ ಭಾವಮೈದುನನ ಶೆಡ್ಡಿನಲ್ಲೇ ಹುಡುಕಿದ್ದೇನೆ. ಮುರಿದ ಕಾಲಿಗೆ ದುಡ್ಡು ಕೇಳಿದವನು ಮದುವೆಯಲ್ಲಿ ಕುಣಿಯುವುದನ್ನು ಊಟದ ಸಾಲಿನಲ್ಲಿ ಕೂತು ನೋಡಿದ್ದೇನೆ. ಆದರೆ ಆವತ್ತು ಕಂಪನಿ ನನ್ನನ್ನು ಕಳಿಸಿರಲಿಲ್ಲ.

ಕಳಿಸಿದ್ದು ಅಕ್ಕ.

ಅಕ್ಕ ಡ್ರೈವಿಂಗ್ ಸ್ಕೂಲ್ ನಡೆಸುತ್ತಾಳೆ. ಇರುವುದು ಒಂದೇ ಕಾರು. ಎಲೆಕ್ಟ್ರಿಕ್. ಎಂಟು ತಿಂಗಳು ಹಳೆಯದು. ಕಲಿಯುವವರ ಪಕ್ಕದ ಸೀಟಿನವರ ಕಾಲ ಬಳಿಯೂ ಒಂದು ಬ್ರೇಕ್ ಇದೆ, ಅದು ಅಕ್ಕನದು. ಆವತ್ತಿಗೆ ಒಂಬತ್ತು ದಿನದ ಹಿಂದೆ ಟೈಲರಮ್ಮನೊಬ್ಬರು ಹದಿಮೂರನೇ ಪಾಠಕ್ಕೆ ಕೂತಿದ್ದರು. ಹಸಿರು ದೀಪ ಬಿದ್ದಿತ್ತು. ಬ್ರೆಡ್ ವ್ಯಾನೊಂದು ಎಡಗಡೆಯಿಂದ ನುಗ್ಗಿ ಗುದ್ದಿತು. ಯಾರಿಗೂ ಪೆಟ್ಟಾಗಲಿಲ್ಲ. ಟೈಲರಮ್ಮನ ಕನ್ನಡಕ ಮಾತ್ರ ಸಿಗಲಿಲ್ಲ. ಹಿಂದಿನ ಎಡ ಬಾಗಿಲು ನಜ್ಜುಗುಜ್ಜು.

ಗ್ಯಾರೇಜಿನವರು ಹೇಳಿದರು: ಬ್ಯಾಟರಿಗೆ ಏಟು ಬಿದ್ದಿದೆ.

ಎಲೆಕ್ಟ್ರಿಕ್ ಕಾರಿನಲ್ಲಿ ಬ್ಯಾಟರಿ ಹೋದರೆ ಅರ್ಧ ಕಾರೇ ಹೋದಂತೆ. ಇನ್ಶೂರೆನ್ಸಿನವರು ರಿಪೇರಿ ಬೇಡ ಎನ್ನುತ್ತಾರೆ. ‘ಟೋಟಲ್ ಲಾಸ್’ ಎಂದು ಬರೆದು, ಮಾಲೀಕರಿಗೆ ಒಂದು ಮೊತ್ತ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಉಳಿದ ಕಾರು ಗುಜರಿ ಲೆಕ್ಕದಲ್ಲಿ ಗ್ಯಾರೇಜಿನ ಪಾಲು. ಅಕ್ಕನಿಗೂ ನಮ್ಮ ಕಂಪನಿಯಿಂದ ಅಂಥದೇ ಪತ್ರ ಬಂತು. ಆಗಲೇ ಅವಳು ನನಗೆ ವಿಷಯ ಹೇಳಿದ್ದು.

“ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

“ತಮ್ಮನ ಶಿಫಾರಸು ಬೇಡ ಅಂತಿದ್ದೆ. ಸೋಮವಾರ ಆರು ಜನರಿಗೆ ಟೆಸ್ಟ್ ಇದೆ ಕಣೋ. ಆ ಕಾರು ಸತ್ತಿಲ್ಲ. ಗುದ್ದಿದ ಮೇಲೂ ನಾನೇ ಓಡಿಸಿ ರಸ್ತೆ ಪಕ್ಕಕ್ಕೆ ಹಾಕಿದ್ದು.”

ಫೈಲಿನಲ್ಲಿದ್ದ ಫೋಟೋ ತೆಗೆದು ನೋಡಿದೆ. ಕಾರಿನ ಹೊಟ್ಟೆ. ಬ್ಯಾಟರಿಯ ಪೆಟ್ಟಿಗೆ ಒಳಕ್ಕೆ ಕುಸಿದಿತ್ತು. ಆದರೆ ಪಕ್ಕದ ಬೋಲ್ಟುಗಳೆಲ್ಲ ತುಕ್ಕು ಹಿಡಿದು ಕೆಂಪಾಗಿದ್ದವು. ಎಂಟು ತಿಂಗಳ ಕಾರಿಗೆ ಅಷ್ಟು ತುಕ್ಕು ಎಲ್ಲಿಂದ ಬರಬೇಕು?

ಅದು ಬೇರೆ ಯಾವುದೋ ಕಾರಿನ ಹೊಟ್ಟೆ.

ಅಕ್ಕನ ಹತ್ತಿರ ಇನ್ನೊಂದು ಕೀಲಿ ಇತ್ತು. ಗ್ಯಾರೇಜಿನವರು ಊಟಕ್ಕೆ ಹೋದ ಹೊತ್ತು ನೋಡಿ ಒಳಗೆ ನುಸುಳಿದೆ. ಬಾನೆಟ್ ಎತ್ತಿದೆ. ಒಂದು ಸಣ್ಣ ಕನೆಕ್ಟರ್ ಕಳಚಿ ಬಟ್ಟೆ ಸುತ್ತಿಟ್ಟಿದ್ದರು. ಅದು ಕಳಚಿದರೆ ಕಾರು ತನ್ನ ಬ್ಯಾಟರಿ ಕೆಟ್ಟಿದೆ ಎಂದೇ ನಂಬುತ್ತದೆ. ಸಿಕ್ಕಿಸಿದೆ. ಸೀಟಿನಲ್ಲಿ ಕೂತು ಬಟನ್ ಒತ್ತಿದೆ.

ಪರದೆ ಬೆಳಗಿತು. ಬ್ಯಾಟರಿ ಎಪ್ಪತ್ತೆಂಟು ಪರ್ಸೆಂಟ್!

ಅಷ್ಟರಲ್ಲಿ ಕಾರು ಮೇಲಕ್ಕೆ ಏಳತೊಡಗಿತು.

“ಪೊಲೀಸರನ್ನ ಕರೀಲಾ?” ಕಿಟಕಿಯ ಸಂದಿಯಿಂದ ಕೇಳಿದೆ.

“ಕರಿ,” ಯಜಮಾನ ನಕ್ಕ. “ಬಂದೋರು ರಿಪೋರ್ಟ್ ಕೇಳ್ತಾರೆ. ಟೋಟಲ್ ಲಾಸ್ ಅಂತ ಸೈನ್ ಮಾಡಿರೋದು ಯಾರು?”

ನಾನು ಕಿಟಕಿ ಏರಿಸಿದೆ.

ಸೈನ್ ನನ್ನದೇ.

ನಿಮ್ಮ ಹತ್ತಿರ ಮುಚ್ಚಿಟ್ಟು ಪ್ರಯೋಜನವಿಲ್ಲ. ಶುಕ್ರವಾರ ಸಂಜೆ, ಮೂವತ್ತು ಫೈಲು, ಒಂದು ಪೆನ್ನು. ಪ್ರತಿ ಕಾರನ್ನೂ ಕಣ್ಣಾರೆ ನೋಡಿ ಬರಬೇಕೆಂಬುದು ನಿಯಮ. ಯಾವ ಕಾರನ್ನೂ ನೋಡಿರಲಿಲ್ಲ. ಫೈಲಿನ ಮೇಲೆ ಹೆಸರಿರುವುದಿಲ್ಲ, ಬರೀ ನಂಬರು. ಒಡಹುಟ್ಟಿದವಳ ಅನ್ನಕ್ಕೆ ನಾನೇ ಕಲ್ಲು ಹಾಕಿದ್ದೆ... ಅದೂ ಚೆಂದದ ಅಕ್ಷರದಲ್ಲಿ.

ಅಕ್ಕನಿಗೆ ಫೋನ್ ಮಾಡಿದೆ.

“ಸಿಕ್ಕಿಬಿದ್ದಿದೀನಿ. ಕಾರು ಲಿಫ್ಟ್ ಮೇಲಿದೆ. ನಾನು ಕಾರೊಳಗಿದೀನಿ.”

“ಸೀಟ್ ಬೆಲ್ಟ್ ಹಾಕಿದೀಯಾ?”

“ಅಕ್ಕ...”

“ಹಾಕ್ಕೋ. ಬರ್ತಿದೀನಿ.”

ಕಾಯುವ ಆಟ ಶುರುವಾಯಿತು. ಬಾಗಿಲುಗಳನ್ನು ಒಳಗಿನಿಂದ ಲಾಕ್ ಮಾಡಿದ್ದೆ. ಕಾರು ಆನ್ ಇದ್ದಾಗ ಅವರ ಹತ್ತಿರವಿದ್ದ ಕೀಲಿಗೆ ಅದು ಬಗ್ಗುವುದಿಲ್ಲ. ಗಾಜು ಒಡೆಯಲು ಕಂಬ ಸ್ಪ್ಯಾನರ್ ಎತ್ತಿದ. ಯಜಮಾನ ತಡೆದ.

“ಬೇಡ. ಗಾಜೂ ಮಾರೋದಿದೆ. ತಗಡಿನ ಶೆಡ್ಡು, ಮೇಲೆ ಬಿಸಿಲು. ಅರ್ಧ ಗಂಟೇಲಿ ಬೆಂದು ತಾನೇ ಇಳೀತಾನೆ.”

ನಾನು ಎ.ಸಿ. ಹಾಕಿದೆ.

ಎಂಜಿನ್ ಇಲ್ಲದ ಕಾರು. ಸದ್ದಿಲ್ಲ, ಹೊಗೆಯಿಲ್ಲ. ಗಾಳಿ ಮಾತ್ರ ತಣ್ಣಗೆ ಬರುತ್ತಿತ್ತು. ಸೀಟು ಹಿಂದಕ್ಕೆ ಒರಗಿಸಿ ಕಾಲು ಚಾಚಿದೆ. ನನ್ನ ಸಹಿಯ ಪ್ರಕಾರ ಈ ಬ್ಯಾಟರಿ ಸತ್ತು ವಾರವಾಗಿತ್ತು.

ಕೆಳಗೆ ಬಿಳಿ ಶರ್ಟು ಬೆನ್ನಿಗೆ ಅಂಟಿತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಯಜಮಾನ ರಟ್ಟಿನ ತುಂಡಿನಿಂದ ಗಾಳಿ ಹಾಕಿಕೊಳ್ಳತೊಡಗಿದ. ಇನ್ನರ್ಧ ಗಂಟೆ ಕಳೆದ ಮೇಲೆ ಕಂಬ ಏಣಿ ತಂದು ಹತ್ತಿ, ಕಿಟಕಿಗೆ ಮುಖ ಒತ್ತಿದ.

“ತಣ್ಣಗಿದ್ಯಾ ಸಾರ್?”

“ಸ್ವಲ್ಪ ಚಳೀನೇ.”

ಕಿಟಕಿ ಒಂದು ಬೆರಳು ಇಳಿಸಿದೆ. ಅವನು ಕಣ್ಣು ಮುಚ್ಚಿ ಆ ಸಂದಿಗೆ ಹಣೆ ಕೊಟ್ಟು ನಿಂತ. ಯಜಮಾನ ಬೈದು ಇಳಿಸುವವರೆಗೂ ನಿಂತೇ ಇದ್ದ.

ಮೂರು ಗಂಟೆಗೆ ಪಾರ್ಟಿ ಬಂದ. ದಪ್ಪ ರಬ್ಬರ್ ಕೈಗವಸು ಹಾಕಿದ ಸಣಕಲು ಮನುಷ್ಯ. ಜೊತೆಗೆ ಅವನದೇ ಲಾರಿ, ಕೆಟ್ಟ ಕಾರು ಹೊತ್ತೊಯ್ಯುವಂಥದ್ದು.

“ಒಳಗೆ ಯಾರೋ ಇದಾರಲ್ರೀ,” ಎಂದ ಕೈಗವಸು.

“ಇರ್ಲಿ. ಬ್ಯಾಟರಿ ಕೆಳಗಿಂದ ಬಿಚ್ಚಿ.”

“ಕಾರು ಆನ್ ಇದೆ. ಮುಟ್ಟಿದ್ರೆ ನಾನು ಸುಟ್ಟು ಕರಕಲಾಗ್ತೀನಿ. ನಿಮಗೇನು, ಪಕ್ಕದಲ್ಲಿ ನಿಂತು ನೋಡ್ತೀರಿ.”

ಪಿಸುಪಿಸು ಮಾತಾಯಿತು. ಕೊನೆಗೆ ತೀರ್ಮಾನವೂ ಆಯಿತು... ಕಾರನ್ನು ನನ್ನ ಸಮೇತ ಲಾರಿಗೆ ಎಳೆದು ಹಾಕುವುದು, ಊರಾಚೆ ಒಯ್ದು ಮಾತಾಡಿಸುವುದು. ಮಾತಾಡಿಸುವುದು ಎಂದಾಗ ಯಜಮಾನ ಸ್ಪ್ಯಾನರ್ ಕಡೆ ನೋಡಿದ. ನಾನು ಒರಗಿಸಿದ್ದ ಸೀಟನ್ನು ನೆಟ್ಟಗೆ ಮಾಡಿಕೊಂಡೆ.

ಲಾರಿಯ ಹಲಗೆ ನೆಲಕ್ಕೆ ಇಳಿಯಿತು. ನನ್ನ ಲಿಫ್ಟೂ ಇಳಿಯತೊಡಗಿತು. ಐದು ಅಡಿ... ಮೂರು... ಒಂದು...

ನೆಲ ತಾಗಿತು. ಆಕ್ಸಿಲರೇಟರ್ ತುಳಿದೆ.

ಎಲೆಕ್ಟ್ರಿಕ್ ಕಾರು ಹೊರಡುವಾಗ ಹೇಳಿ ಹೊರಡುವುದಿಲ್ಲ. ಕೈಗವಸು ಒಂದು ಕಡೆ ಹಾರಿದ, ಯಜಮಾನ ಇನ್ನೊಂದು ಕಡೆ. ಶಟರಿಗೂ ಲಾರಿಗೂ ನಡುವೆ ಒಂದು ಕಾರಿನಷ್ಟೇ ಜಾಗವಿತ್ತು. ನಿಜ ಹೇಳಬೇಕೆಂದರೆ ಒಂದು ಕನ್ನಡಿಯಷ್ಟು ಕಡಿಮೆಯೇ ಇತ್ತು. ಎಡಗಡೆ ಕನ್ನಡಿ ಅಲ್ಲೇ ಉಳಿಯಿತು.

ರಸ್ತೆಗೆ ಬಿದ್ದೆ. ಪೂರ್ತಿ ತುಳಿದೆ.

ಕಾರಿನ ವೇಗ ಇಪ್ಪತ್ತರ ಮೇಲೆ ಏರಲಿಲ್ಲ.

ಪರದೆಯ ಮೇಲೆ ಒಂದು ಪುಟ್ಟ ಆಮೆ ಹೊತ್ತಿಕೊಂಡಿತ್ತು. ಒಮ್ಮೆ ದೋಷ ಕಂಡರೆ, ಸರಿಯಾಗಿ ಪರೀಕ್ಷೆ ಮಾಡಿಸುವವರೆಗೂ ಈ ಕಾರು ಓಡುವುದಿಲ್ಲ, ನಡೆಯುತ್ತದೆ. ಹಿಂದೆ ಕೊಲೆಗಡುಕರು, ಮುಂದೆ ಆಮೆ! ಸೈಕಲ್ಲಿನಲ್ಲಿ ಒಬ್ಬ ಮುದುಕ ನನ್ನನ್ನು ದಾಟಿಕೊಂಡು ಹೋದ. ಬೆಲ್ ಬೇರೆ ಹೊಡೆದ.

ಬಲಗಡೆ ಕಿಟಕಿ ಬಡಿದ ಸದ್ದು. ಕಂಬ. ಪಕ್ಕದಲ್ಲೇ ಓಡಿ ಬರುತ್ತಿದ್ದ.

“ನಿಲ್ಸಿ ಸಾರ್...”

“ಆಗಲ್ಲ.”

“ಯಜಮಾನ್ರು... ಬೈತಾರೆ...”

“ಬೇರೆ ಕೆಲಸ ಹುಡ್ಕೋ.”

“ಕೊಡಿಸ್ತೀರಾ?” ಎಂದ ಏದುಸಿರಿನಲ್ಲಿ. ಅವನು ತಮಾಷೆ ಮಾಡುತ್ತಿರಲಿಲ್ಲ.

ಲಾರಿಯ ಹಲಗೆ ಎತ್ತದೆ ಅವರು ಹೊರಡುವಂತಿರಲಿಲ್ಲ. ಅದರಿಂದ ನನಗೆ ಎರಡು ನಿಮಿಷ ಸಿಕ್ಕಿತು. ತಿರುವಿನಲ್ಲಿ ಅಕ್ಕ ಆಗಷ್ಟೇ ಬಸ್ಸಿಳಿದು ನಿಂತಿದ್ದಳು. ಬಾಡಿಗೆ ಗಾಡಿ ನಿಲ್ಲಿಸುವವಳಂತೆ ಕೈ ಅಡ್ಡ ಹಿಡಿದಳು. ನಿಲ್ಲಿಸಿ ಲಾಕ್ ತೆಗೆದೆ. ಅವಳು ಮುಂದಿನ ಎಡ ಬಾಗಿಲಿನಿಂದ ಹತ್ತಿದಳು. ಅದೇ ಕ್ಷಣ ಹಿಂದಿನ ಬಲ ಬಾಗಿಲಿನಿಂದ ಕಂಬ ಧೊಪ್ಪೆಂದು ಬಿದ್ದ. ಸ್ಪ್ಯಾನರ್ ಇನ್ನೂ ಕೈಯಲ್ಲೇ ಇತ್ತು.

ಅಕ್ಕ ತಿರುಗಿ ನೋಡಿದಳು.

“ಬೆಲ್ಟ್.”

ಕಂಬ ಸ್ಪ್ಯಾನರ್ ಕೆಳಗಿಟ್ಟು ಬೆಲ್ಟ್ ಹಾಕಿಕೊಂಡ.

“ಕನ್ನಡಿ ಎಲ್ಲೋ?” ಅಕ್ಕ ನನ್ನನ್ನು ಕೇಳಿದಳು.

“ಹೋಯ್ತು. ಅಕ್ಕ, ಒಂದು ಮಾತು ಹೇಳ್ಬೇಕು...”

“ಮೊದ್ಲು ಇಂಡಿಕೇಟರ್. ಎರಡೂ ಕೈ ಸ್ಟಿಯರಿಂಗ್ ಮೇಲೆ. ಕಳ್ಳನ ಥರ ಕೂತಿದೀಯಲ್ಲ, ನೆಟ್ಟಗೆ ಕೂತ್ಕೋ.”

ಹಿಂದೆ ಲಾರಿಯ ಹಾರ್ನ್ ಕೇಳಿತು. ಉಳಿದಿದ್ದ ಕನ್ನಡಿಯಲ್ಲಿ ಬಿಳಿ ಶರ್ಟು. ಯಜಮಾನ ತಾನೇ ಓಡಿಸುತ್ತಿದ್ದ. ಅವನ ಹಿಂದೆ ಬಹಳ ದೂರದಲ್ಲಿ, ಕೈಗವಸು ರಸ್ತೆಯ ಮಧ್ಯೆ ಕೈ ಬೀಸುತ್ತ ಓಡುತ್ತಿದ್ದ. ಲಾರಿ ಅವನದು, ಕೇಳದೆ ತಂದಿದ್ದು ಇವನು.

ಮುಂದೆ ಸಿಗ್ನಲ್. ಹಳದಿ. ನಾನು ತುಳಿದೆ.

ಕಾರು ನಿಂತಿತು.

ಅಕ್ಕನ ಕಾಲು ಅವಳ ಬ್ರೇಕಿನ ಮೇಲಿತ್ತು.

“ಕೆಂಪು,” ಎಂದಳು.

“ಹಿಂದೆ ಲಾರಿ ಬರ್ತಿದೆ ಅಕ್ಕ!”

“ಬರ್ಲಿ. ಕೆಂಪು ಬಿದ್ದಿದೆ.”

ಲಾರಿ ನಮ್ಮ ಹಿಂದೆ ಬಂತು. ಅಡ್ಡಗಟ್ಟಬೇಕೆಂದು ಪಕ್ಕದಿಂದ ನುಗ್ಗಿತು, ಅದೇ ಬಿರುಸಿನಲ್ಲಿ ಕೆಂಪು ದೀಪವನ್ನೂ ದಾಟಿ ಚೌಕದ ನಟ್ಟನಡುವೆ ಹೋಗಿ ನಿಂತಿತು. ಅಲ್ಲಿ ಟ್ರಾಫಿಕ್ ಪೊಲೀಸಿನವನೊಬ್ಬ ಮಧ್ಯಾಹ್ನದಿಂದ ಯಾರೂ ಸಿಗದೆ ಬೇಸರದಲ್ಲಿದ್ದ. ಸೀಟಿ ಊದಿದ. ಕಾಗದಪತ್ರ ಕೇಳಿದ. ಯಜಮಾನ ಜೇಬು ತಡಕಿದ. ಅಷ್ಟರಲ್ಲಿ ಕೈಗವಸು ಬಂದು, “ಕಳ್ಳ, ನನ್ನ ಲಾರಿ” ಎಂದು ಬಾಯಿ ಬಡಿದುಕೊಂಡ.

ಸಿಗ್ನಲ್ಲಿನಲ್ಲಿ ಇನ್ನೂ ನಲವತ್ತು ಸೆಕೆಂಡ್ ಇತ್ತು.

“ಏನೋ ಹೇಳ್ಬೇಕು ಅಂದ್ಯಲ್ಲ,” ಎಂದಳು ಅಕ್ಕ.

“ಈ ಕಾರು ಸತ್ತಿದೆ ಅಂತ ಸೈನ್ ಮಾಡಿದ್ದು ನಾನು. ನೋಡ್ದೆ ಮಾಡ್ದೆ.”

ಅಕ್ಕ ನನ್ನ ಕಡೆ ತಿರುಗಿದಳು.

“ಇದೊಂದೇನಾ?”

“ಮೂವತ್ತು.”

“ಎಲ್ಲಾ ನೋಡ್ದೆ?”

“ಹೂಂ.”

ಹಸಿರು ಬಿತ್ತು. ಕಾರು ಕದಲಲಿಲ್ಲ. ಅವಳ ಕಾಲು ಬ್ರೇಕಿನ ಮೇಲೇ ಇತ್ತು. ಹಿಂದೆ ಹಾರ್ನುಗಳ ಮೆರವಣಿಗೆ ಶುರುವಾಯಿತು.

“ಅಕ್ಕ, ಹಸಿರು.”

“ಕಾಣ್ತಿದೆ. ಆಫೀಸಿಗೆ ಹೋಗಿ ಹೇಳ್ತೀಯಾ?”

“ಕೆಲಸ ಹೋಗತ್ತೆ.”

“ಹೇಳ್ತೀಯಾ ಅಂತ ಕೇಳ್ದೆ.”

ಕೊಲೆ ಬೆದರಿಕೆಗಳನ್ನು ಕೇಳಿದವನು ನಾನು. ಆ ಪ್ರಶ್ನೆಯಷ್ಟು ಯಾವುದೂ ನಾಟಿರಲಿಲ್ಲ.

“ಹೇಳ್ತೀನಿ.”

ಅವಳು ಕಾಲು ತೆಗೆದಳು.

ಆಫೀಸಿನ ಕೆಳಗಿನ ಪಾರ್ಕಿಂಗಿಗೆ ಮ್ಯಾನೇಜರ್ ಮೇಡಂ ಅವರನ್ನು ಕರೆತಂದೆ. ಕಾರಿನೊಳಗೆ ಕೂರಿಸಿದೆ. ಅವರು ಕೈ ಚಾಚಿ ಗಾಳಿ ನೋಡಿದರು.

“ತಣ್ಣಗಿದೆಯಲ್ಲ. ಯಾವ ಕಾರು ಇದು?”

“ನಾವು ಟೋಟಲ್ ಲಾಸ್ ಅಂತ ಪತ್ರ ಕಳಿಸಿದೀವಲ್ಲ ಮೇಡಂ, ಅದೇ.”

ಕಂಬ ಎಲ್ಲ ಒಪ್ಪಿಕೊಂಡ. ಕನೆಕ್ಟರ್ ಕಳಚಿದ್ದು ಅವನೇ, ಹೇಳಿದ್ದು ಯಜಮಾನ. ಅದೊಂದೇ ಹಳೆ ಫೋಟೋ ಐದು ಕಾರಿಗೆ ಹೋಗಿತ್ತು. ಮೇಡಂ ರಿಪೋರ್ಟ್ ತಿರುವಿ ಕೊನೆಯ ಪುಟಕ್ಕೆ ಬಂದರು. ಅವರು ಕೇಳುವ ಮುಂಚೆಯೇ ನಾನು ಹೇಳಿದೆ.

ಮೂರು ತಿಂಗಳು ಸಸ್ಪೆನ್ಷನ್. ಕಡಿಮೆಯೇ ಆಯಿತು. ಉಳಿದ ನಾಲ್ಕು ಕಾರುಗಳನ್ನು ಆಗಲೇ ಬಿಚ್ಚಿ ಮಾರಿಯಾಗಿತ್ತು. ಆ ನಾಲ್ಕು ಮನೆಗಳಿಗೂ ನಾನೇ ಹೋಗಿ ಹೇಳಿದೆ. ಎರಡು ಮನೆಯಲ್ಲಿ ಕೂರಿಸಿ ಮಾತಾಡಿದರು. ಒಂದು ಮನೆಯಲ್ಲಿ ಬೈದರು. ಇನ್ನೊಂದು ಮನೆಯಲ್ಲಿ ಬಾಗಿಲು ಹಾಕಿಕೊಂಡರು. ಗ್ಯಾರೇಜಿಗೆ ಬೀಗ ಬಿತ್ತು. ಯಜಮಾನ ಈಗ ಕೋರ್ಟಿಗೆ ಅಲೆಯುತ್ತಿದ್ದಾನೆ. ಬಿಳಿ ಶರ್ಟಿನಲ್ಲೇ.

ಅಕ್ಕನ ಕ್ಲೈಮ್ ಮತ್ತೆ ತೆರೆಯಿತು. ಹೊಸ ಬಾಗಿಲು, ಚಕ್ರದ ಮೇಲಿನ ಕವಚ, ಬ್ಯಾಟರಿಯ ಪೂರ್ತಿ ಪರೀಕ್ಷೆ... ಎಲ್ಲಕ್ಕೂ ಒಪ್ಪಿಗೆ ಸಿಕ್ಕಿತು. ಕನ್ನಡಿಗೆ ಸಿಗಲಿಲ್ಲ. ಅದು ಅಪಘಾತದಲ್ಲಿ ಹೋದದ್ದಲ್ಲ ಎಂದು ಅಕ್ಕನೇ ಫಾರ್ಮಿನಲ್ಲಿ ಬರೆದಿದ್ದಳು. ಬಾಗಿಲು ಕಾರ್ಖಾನೆಯಿಂದ ಬರಲು ನಲವತ್ತು ದಿನ.

“ಸೋಮವಾರದ ಟೆಸ್ಟ್ ಏನ್ಮಾಡ್ತೀಯ?” ಎಂದು ಆವತ್ತು ಸಂಜೆಯೇ ಕೇಳಿದ್ದೆ.

ಅಕ್ಕ ನನ್ನ ಕಾರಿನ ಕಡೆ ನೋಡಿದಳು.

ಮಾರನೆಯ ದಿನ ಅದಕ್ಕೂ ಎರಡನೇ ಬ್ರೇಕ್ ಬಂತು. ಜೋಡಿಸಿದ್ದು ಕಂಬ. ಈಗ ಅವನು ಅಕ್ಕನ ಹತ್ತಿರ ಕೆಲಸಕ್ಕಿದ್ದಾನೆ, ಒಳ್ಳೆಯ ಕೈ. ನನ್ನನ್ನು ಮಾತ್ರ ಹಿಂದಿನ ಸೀಟಿಗೆ ತಳ್ಳಿ, ಬಾಯಿ ಮುಚ್ಚಿಕೊಂಡಿರಲು ಹೇಳಿದಳು.

ಆರರಲ್ಲಿ ಐವರು ಪಾಸಾದರು. ಉಳಿದವರು ಟೈಲರಮ್ಮ. ಮೊನ್ನೆ ಹೊಸ ಕನ್ನಡಕ ಹಾಕಿಕೊಂಡು ಬಂದು, ನನ್ನ ಕಾರನ್ನು ಒಂದು ಗೇಟಿಗೆ ಗುದ್ದಿದರು. ಕ್ಲೈಮ್ ಫಾರ್ಮ್ ತುಂಬಿದ್ದು ಅಕ್ಕ. ‘ಅಪಘಾತಕ್ಕೆ ಕಾರಣ’ ಎಂಬಲ್ಲಿ ಹೀಗೆ ಬರೆದಿದ್ದಳು:

‘ಮಾಲೀಕ ಹಿಂದಿನ ಸೀಟಿನಿಂದ ಕಿರುಚಿದ್ದು.’

ನನ್ನ ಇಷ್ಟು ವರ್ಷದ ನೌಕರಿಯಲ್ಲಿ ನಾನು ಕಂಡ ಮೊದಲ ಪ್ರಾಮಾಣಿಕ ಕ್ಲೈಮ್ ಅದು.